ಪಕ್ಕದ ಮನೆಯವಳ ಪತ್ತೇದಾರಿ: 'ದಿ ಸೀಕ್ರೆಟ್' ಮತ್ತು ಹಾಂಗ್‌ಕಾಂಗ್‌ನ ಮನೆಯೊಳಗಿನ ಗುಟ್ಟುಗಳು

1979ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಬಂದ 'ದಿ ಸೀಕ್ರೆಟ್' ಸಿನಿಮಾದಲ್ಲಿ ಜೋಡಿ ಕೊಲೆ ಆಗುತ್ತದೆ. ಪೊಲೀಸರು ಬರುತ್ತಾರೆ, ಒಬ್ಬನನ್ನು ಹಿಡಿಯುತ್ತಾರೆ, ಇನ್ನೇನು ಕೇಸು ಮುಗಿಯಿತು ಅನ್ನಿಸುತ್ತದೆ. ನಿಜವಾದ ತನಿಖೆ ಶುರುವಾಗುವುದೇ ಅಲ್ಲಿಂದ. ಅದನ್ನು ಮಾಡುವವಳು ಸತ್ತವಳ ನೆರೆಮನೆಯ ಹುಡುಗಿ. ಅವಳಿಗೆ ಯಾರೂ ಈ ಕೆಲಸ ಒಪ್ಪಿಸಿಲ್ಲ. ಸತ್ತವಳ ಅಜ್ಜಿಯ ಮನೆಗೆ ಹೋಗಿ ಬರುತ್ತಾ, ಅವರ ಕಷ್ಟಸುಖ ವಿಚಾರಿಸುತ್ತಾ, ಏನೋ ಸರಿಯಿಲ್ಲ ಅನ್ನುವ ಅನುಮಾನವನ್ನು ತಲೆಯಲ್ಲಿ ಇಟ್ಟುಕೊಂಡಿರುತ್ತಾಳೆ, ಅಷ್ಟೇ.

ಇದು ಆನ್ ಹುಯಿ ನಿರ್ದೇಶಿಸಿದ ಮೊದಲ ಸಿನಿಮಾ. ಹಾಂಗ್‌ಕಾಂಗ್ ಜನ ಮನೆಯಲ್ಲಿ, ಬೀದಿಯಲ್ಲಿ ಆಡುವ ಕ್ಯಾಂಟನೀಸ್ ಭಾಷೆಯಲ್ಲಿದೆ. ನೋಡಿದವರಲ್ಲಿ ಎಷ್ಟೋ ಜನ 'ಕತೆ ಅರ್ಥ ಆಗಲಿಲ್ಲ' ಅಂತ ಅರ್ಧಕ್ಕೇ ಬಿಡುತ್ತಾರೆ. ಅವರ ತಪ್ಪೇನಿಲ್ಲ, ಸಿನಿಮಾ ನಿಜಕ್ಕೂ ಗೋಜಲಾಗಿದೆ. ಆ ಗೋಜಲನ್ನು ಬಿಡಿಸುವುದಕ್ಕೆ ಕತೆಯ ಗುಟ್ಟನ್ನೂ ಹೇಳಲೇಬೇಕಾಗುತ್ತದೆ. ಸಿನಿಮಾ ನೋಡುವ ತನಕ ಗುಟ್ಟು ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿ. ಕೊನೆಯ ದೃಶ್ಯವನ್ನು ಮಾತ್ರ ನಾನು ಹೇಳುವುದಿಲ್ಲ.

ಮೊದಲು ಕತೆಯನ್ನು ನೇರವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಸಿನಿಮಾ ಹಾಗೆ ಹೇಳುವುದಿಲ್ಲ. ಲೀ ಯುನ್ ಅನ್ನುವ ಹುಡುಗಿ. ಅವಳು ಮದುವೆಯಾಗಬೇಕಿದ್ದ ಹುಡುಗ. ಇಬ್ಬರೂ ಗುಡ್ಡಕ್ಕೆ ಹೋಗಿದ್ದಾಗ ಕೊಲೆಯಾದರು ಅಂತ ಊರಿಗೆ ಸುದ್ದಿಯಾಗುತ್ತದೆ. ಹೆಂಗಸಿನ ಹೆಣದ ಮುಖ ಗುರುತು ಹಿಡಿಯುವ ಹಾಗಿಲ್ಲ. ಅದು ಲೀ ಯುನ್‌ಳದ್ದೇ ಎಂದು ಎಲ್ಲರೂ ನಂಬುತ್ತಾರೆ. ಅದೇ ಬಡಾವಣೆಯಲ್ಲಿ ಸುತ್ತಾಡಿಕೊಂಡಿದ್ದ ಬುದ್ಧಿಮಾಂದ್ಯ ಯುವಕನ ಮೇಲೆ ಅನುಮಾನ ಬೀಳುತ್ತದೆ. ಆಮೇಲೆ ಸತ್ತ ಲೀ ಯುನ್ ಅಲ್ಲಿ ಇಲ್ಲಿ ಕಾಣಿಸಿಕೊಳ್ಳತೊಡಗುತ್ತಾಳೆ. ದೆವ್ವ ಅಂತ ಜನ ಹೆದರುತ್ತಾರೆ. ಗುಟ್ಟು ಏನೆಂದರೆ, ಅವಳು ಸತ್ತೇ ಇಲ್ಲ. ಸತ್ತ ಹೆಂಗಸು ಹುಡುಗ ಹಿಂದೆ ಬಿದ್ದಿದ್ದ ಇನ್ನೊಬ್ಬಳು. ಕೊಂದವಳು ಲೀ ಯುನ್. ಜೊತೆಗೆ ಅವಳು ಬಸುರಿ.

ಇಷ್ಟೇ ಕತೆ. ಯಾವ ಪತ್ರಿಕೆಯ ಅಪರಾಧ ಪುಟದಲ್ಲಾದರೂ ಅರ್ಧ ಕಾಲಂನಲ್ಲಿ ಮುಗಿದುಹೋಗುವಂಥದ್ದು. ನಿಜಕ್ಕೂ ಪತ್ರಿಕೆಯಲ್ಲಿ ಬಂದದ್ದೇ ಇದರ ಮೂಲ. 1970ರಲ್ಲಿ ಹಾಂಗ್‌ಕಾಂಗ್ ದ್ವೀಪದ ಪಶ್ಚಿಮ ಭಾಗದ ಲುಂಗ್ ಫೂ ಶಾನ್ ಗುಡ್ಡದಲ್ಲಿ ನಡೆದ ಜೋಡಿ ಕೊಲೆಯೇ ಸಿನಿಮಾಕ್ಕೆ ಪ್ರೇರಣೆ. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಬೆನ್ನಿಗೇ ಇರುವ ಗುಡ್ಡ ಅದು. ಆನ್ ಹುಯಿ ಓದಿದ್ದು ಅದೇ ವಿಶ್ವವಿದ್ಯಾಲಯದಲ್ಲಿ. ಚಿತ್ರಕತೆ ಬರೆದವರು ಜಾಯ್ಸ್ ಚಾನ್. ಕೊಲೆ ಹೇಗಾಯಿತು ಅನ್ನುವುದಕ್ಕಿಂತ, ಕೊಲೆಯಾದ ಮೇಲೆ ಆ ಮನೆಯಲ್ಲಿ ಏನಾಯಿತು ಅನ್ನುವುದರ ಮೇಲೆ ಈ ಇಬ್ಬರು ಹೆಂಗಸರಿಗೆ ಕಣ್ಣು. ಸಿನಿಮಾದ ಬಲ ಇರುವುದೇ ಅಲ್ಲಿ.

ಗೋಜಲಿಗೆ ಕಾರಣ ಕತೆ ಹೇಳುವ ಕ್ರಮ. ಸಾಮಾನ್ಯವಾಗಿ ಪತ್ತೇದಾರಿ ಕತೆಯಲ್ಲಿ ಹಿಂದಿನದ್ದನ್ನು ತೋರಿಸುವಾಗ ಒಂದು ಸೂಚನೆ ಇರುತ್ತದೆ: ಪಾತ್ರ ಕಿಟಕಿಯಾಚೆ ನೋಡುತ್ತದೆ, ಚಿತ್ರ ಮಸುಕಾಗುತ್ತದೆ, 'ಅವತ್ತು ಏನಾಯಿತೆಂದರೆ' ಅನ್ನುವ ಮಾತು ಬರುತ್ತದೆ. ಇಲ್ಲಿ ಅದ್ಯಾವುದೂ ಇಲ್ಲ. ಈಗ ನಡೆಯುತ್ತಿರುವ ದೃಶ್ಯದ ಮಧ್ಯೆಯೇ ಹಳೆಯ ದಿನದ ತುಣುಕು ನುಗ್ಗುತ್ತದೆ. ಅದು ಯಾರ ನೆನಪು ಅಂತ ತಿಳಿಯುವಷ್ಟರಲ್ಲಿ ಮಾಯವಾಗುತ್ತದೆ. ಸತ್ತಳು ಅಂದುಕೊಂಡವಳು ತೆರೆಯ ಮೇಲೆ ಬಂದರೆ ನಮ್ಮ ಮುಂದೆ ಮೂರು ಸಾಧ್ಯತೆ: ಇದು ನೆನಪಿರಬಹುದು, ದೆವ್ವವಿರಬಹುದು, ಇಲ್ಲವೇ ಜೀವಂತ ಹೆಣ್ಣೇ ಇರಬಹುದು. ಮೊದಲ ಎರಡರಲ್ಲಿ ನಮ್ಮನ್ನು ತಿರುಗಾಡಿಸಿ, ಮೂರನೆಯದು ನಮಗೆ ಹೊಳೆಯದ ಹಾಗೆ ನೋಡಿಕೊಳ್ಳುವುದೇ ನಿರ್ದೇಶಕಿಯ ಆಟ. ಗೋಜಲು ಬೇಕೆಂದೇ ಮಾಡಿದ್ದು. ನೆನಪಿಗೆ ಒಂದು ಬಣ್ಣ, ದೆವ್ವಕ್ಕೆ ಒಂದು ಬಣ್ಣ ಅಂತ ಬೇರೆ ಮಾಡಿಬಿಟ್ಟಿದ್ದರೆ ಗುಟ್ಟು ಹತ್ತೇ ನಿಮಿಷದಲ್ಲಿ ಬಯಲಾಗುತ್ತಿತ್ತು.

ದೆವ್ವ ಅಂತ ಜನ ಅಷ್ಟು ಸುಲಭವಾಗಿ ನಂಬುತ್ತಾರಾ ಅಂತ ಕೇಳಬಹುದು. ಅಲ್ಲಿನ ಪದ್ಧತಿ ಗೊತ್ತಿದ್ದರೆ ಈ ಪ್ರಶ್ನೆ ಬರುವುದಿಲ್ಲ. ಕ್ಯಾಂಟನೀಸ್ ಮನೆಗಳಲ್ಲಿ ಯಾರಾದರೂ ಸತ್ತರೆ, ಕೆಲವು ದಿನಗಳಾದ ಮೇಲೆ ಆತ್ಮ ಒಂದು ರಾತ್ರಿ ಮನೆಗೆ ಬಂದುಹೋಗುತ್ತದೆ ಅನ್ನುವ ನಂಬಿಕೆ ಇದೆ. ಆ ರಾತ್ರಿ ಸತ್ತವರಿಗೆ ಇಷ್ಟವಾದ ಊಟವನ್ನು ಮೇಜಿನ ಮೇಲೆ ಇಡುತ್ತಾರೆ. ಮನೆಯವರು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಹೊರಗೆ ಸದ್ದಾದರೂ ಎದ್ದು ಹೋಗಿ ನೋಡಬಾರದು. ಚಾಂದ್ರಮಾನದ ಏಳನೇ ತಿಂಗಳಲ್ಲಿ ನೋಡಿಕೊಳ್ಳುವವರಿಲ್ಲದ ಪ್ರೇತಗಳಿಗಾಗಿ ಬೀದಿ ಬದಿಯಲ್ಲಿ ಊದುಬತ್ತಿ ಹಚ್ಚಿ, ಕಾಗದದ ಹಣ, ಕಾಗದದ ಬಟ್ಟೆ ಸುಡುತ್ತಾರೆ. ಇಂಥ ಊರಿನಲ್ಲಿ ಸತ್ತ ಮೊಮ್ಮಗಳು ಅಜ್ಜಿಯ ಮನೆಯ ಹತ್ತಿರ ಸುಳಿದಾಡಿದರೆ ಅದು ಅಚ್ಚರಿಯಲ್ಲ, ಒಂದು ರೀತಿಯಲ್ಲಿ ನಿರೀಕ್ಷಿತ. ಕೊಲೆಗಾರಳು ಅಡಗಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ತನ್ನದೇ ದೆವ್ವದ ಹಿಂದೆ ಅವಳು ಅಡಗಿದ್ದಾಳೆ. ನೋಡಬಾರದು ಅನ್ನುವ ನಿಯಮವೇ ಅವಳನ್ನು ಕಾಯುತ್ತಿದೆ.

ಇದರೊಳಗೇ ಸಂಸಾರದ ಕತೆಯೂ ಹೆಣೆದುಕೊಂಡಿದೆ. ಒಂದು ಹೆಣವನ್ನು 'ಇವಳು ನಮ್ಮವಳು' ಅಂತ ಒಂದು ಮನೆ ಒಪ್ಪಿಕೊಂಡ ಮೇಲೆ ಬೇರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಹೆಸರು ಸಿಕ್ಕಿತು, ಶವಸಂಸ್ಕಾರ ಆಯಿತು, ಅಳುವವರು ಅತ್ತರು. ಹಾಗಾದರೆ ನಿಜವಾಗಿ ಸತ್ತವಳ ಗತಿ? ಅವಳ ಸಂಸ್ಕಾರವನ್ನು ಅವಳನ್ನು ಕೊಂದವಳ ಹೆಸರಿನಲ್ಲಿ ಮಾಡುತ್ತಾರೆ. ಮನೆಯವರಿಗೆ ಸೇರಿದ ಹೆಣ, ಯಾರಿಗೂ ಸೇರದ ಹೆಣ ಅನ್ನುವ ಭೇದವೇ ಈ ರಹಸ್ಯದ ಬೀಗದ ಕೈ. ಇಷ್ಟೆಲ್ಲಾ ಆಗಿಯೂ ಸಿನಿಮಾ ಲೀ ಯುನ್‌ಳನ್ನು ರಾಕ್ಷಸಿ ಮಾಡುವುದಿಲ್ಲ. ಮದುವೆಗೆ ಮುಂಚೆ ಬಸುರಿ, ಹುಡುಗನಿಗೆ ಬೇರೆಯವಳ ಮೇಲೆ ಕಣ್ಣು, ಮನೆಯಲ್ಲಿ ಅಜ್ಜಿ, ಅಕ್ಕಪಕ್ಕದಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುವ ಬಡಾವಣೆ. ಕೊಲೆಯನ್ನು ಯಾರೂ ಒಪ್ಪುವುದಿಲ್ಲ. ಅದು ಎಲ್ಲಿಂದ ಬಂತು ಅನ್ನುವುದು ಮಾತ್ರ ಅರ್ಥವಾಗುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹಾಂಗ್‌ಕಾಂಗ್‌ನ ರಹಸ್ಯ ಚಿತ್ರ ಯಾಕೆ ಪೊಲೀಸ್ ಠಾಣೆ ಬಿಟ್ಟು ಪಕ್ಕದ ಮನೆಗೆ ಹೋಗುತ್ತದೆ? ನನ್ನ ಪ್ರಕಾರ ಇದು ಆನ್ ಹುಯಿ ಒಬ್ಬರ ಚಮತ್ಕಾರ ಅಲ್ಲ. ಇದಕ್ಕೆ ತುಂಬಾ ಹಿಂದಿನಿಂದ ಬಂದ ಬೇರು ಇದೆ.

ಚೀನಾದ ಹಳೆಯ ನ್ಯಾಯದ ಕತೆಗಳಲ್ಲಿ ಪತ್ತೇದಾರ ಅಂತ ಬೇರೆ ಒಬ್ಬ ಇರುವುದಿಲ್ಲ. ಊರಿನ ಅಧಿಕಾರಿಯೇ ತನಿಖೆ ಮಾಡುತ್ತಾನೆ, ಅವನೇ ತೀರ್ಪನ್ನೂ ಕೊಡುತ್ತಾನೆ. ಸುಂಗ್ ರಾಜವಂಶದ ಕಾಲದ ಬಾವ್ ಅನ್ನುವ ಅಧಿಕಾರಿ ಇಂಥ ನೂರಾರು ಕತೆಗಳ ನಾಯಕ. ಕೊಂದವನು ಯಾರು ಅಂತ ಓದುಗನಿಗೆ ಮೊದಲೇ ಗೊತ್ತಿರುವುದೂ ಉಂಟು. ಕುತೂಹಲ ಇರುವುದು ನ್ಯಾಯ ಹೇಗೆ ಸಿಗುತ್ತದೆ ಅನ್ನುವುದರಲ್ಲಿ. ಸತ್ತವರೇ ಬಂದು ದೂರು ಕೊಡುವುದಂತೂ ಮಾಮೂಲು.

ಇವುಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಯುವಾನ್ ಕಾಲದ ನಾಟಕಕಾರ ಗುವಾನ್ ಹಾನ್‌ಚಿಂಗ್ ಬರೆದ ಡೌ ಅನ ಕತೆ. ಡೌ ಅ ಒಬ್ಬ ವಿಧವೆ. ವಿಚಾರಣೆಯಲ್ಲಿ ಅಧಿಕಾರಿ ಅತ್ತೆಯನ್ನು ಹೊಡೆಸಬಾರದು ಅಂತ, ತಾನು ಮಾಡದ ಕೊಲೆಯನ್ನು ಒಪ್ಪಿಕೊಂಡು ತಲೆ ಕೊಡುತ್ತಾಳೆ. ನಾನು ನಿರಪರಾಧಿಯಾದರೆ ನಡು ಬೇಸಿಗೆಯಲ್ಲಿ ಹಿಮ ಬೀಳಲಿ ಅನ್ನುತ್ತಾಳೆ. ಬೀಳುತ್ತದೆ. ವರ್ಷಗಳಾದ ಮೇಲೆ ಹಳೆಯ ಕೇಸುಗಳನ್ನು ಪರಿಶೀಲಿಸಲು ಒಬ್ಬ ದೊಡ್ಡ ಅಧಿಕಾರಿ ಬರುತ್ತಾನೆ. ಅವನು ಅವಳ ಅಪ್ಪ. ಸಾಲ ತೀರಿಸಲಾಗದೆ ಚಿಕ್ಕವಳಿದ್ದಾಗಲೇ ಅವಳನ್ನು ಆ ಮನೆಗೆ ಬಿಟ್ಟುಹೋದವನು. ರಾತ್ರಿ ದೀಪ ಹಚ್ಚಿಕೊಂಡು ಕಡತ ನೋಡುತ್ತಾ ಕೂತಿದ್ದಾನೆ. ಇವಳ ಕಡತ ಕೈಗೆ ಬರುತ್ತದೆ, ಮುಗಿದ ಕೇಸು ಅಂತ ಕಟ್ಟಿನ ಅಡಿಗೆ ಹಾಕುತ್ತಾನೆ. ದೀಪ ಮಂಕಾಗುತ್ತದೆ. ಬತ್ತಿ ಸರಿಮಾಡಿ ಬಂದು ಕೂತರೆ ಅದೇ ಕಡತ ಮೇಲೆ ಬಂದಿದೆ. ಮತ್ತೆ ಅಡಿಗೆ ಹಾಕುತ್ತಾನೆ. ಮತ್ತೆ ದೀಪ ಮಂಕು, ಮತ್ತೆ ಕಡತ ಮೇಲೆ. ಮಗಳ ಪ್ರೇತ ಅಪ್ಪನ ಹತ್ತಿರ ಕೇಸು ಮತ್ತೆ ತೆಗೆಸುತ್ತಿದೆ. ಹದಿಮೂರನೇ ಶತಮಾನದ ಈ ಒಂದು ದೃಶ್ಯದಲ್ಲಿ ತನಿಖೆ, ದೆವ್ವ, ಮಗಳಿಗೆ ಅಪ್ಪ ಮಾಡಿದ ಅನ್ಯಾಯ ಮೂರೂ ಒಟ್ಟಿಗೆ ಇವೆ. ಇದೇ ಕತೆ ಕ್ಯಾಂಟನೀಸ್ ಸಂಗೀತ ನಾಟಕವಾಗಿ 1950ರ ದಶಕದ ಹಾಂಗ್‌ಕಾಂಗ್‌ನಲ್ಲಿ ರಂಗಕ್ಕೆ ಬಂತು. ಅಲ್ಲಿನ ಪ್ರೇಕ್ಷಕರಿಗೆ ಇದು ಪುಸ್ತಕದ ವಿದ್ಯೆಯಲ್ಲ, ಪರಿಚಿತ ಕತೆ.

ಆದರೆ ಬ್ರಿಟಿಷರ ಹಾಂಗ್‌ಕಾಂಗ್‌ನಲ್ಲಿ ಆ ಅಪ್ಪನಂಥ ಅಧಿಕಾರಿ ಎಲ್ಲಿ ಸಿಗಬೇಕು? ಕೋರ್ಟಿನಲ್ಲಿ ನಡೆಯುತ್ತಿದ್ದುದು ಇಂಗ್ಲಿಷ್. ಚೀನೀ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿದ್ದು 1974ರಲ್ಲಿ. ಅಂದರೆ ಊರಿನ ಬಹುಪಾಲು ಜನ ತಮ್ಮದೇ ಕೇಸನ್ನು ಬೇರೆಯವರ ಬಾಯಿಂದ ಕೇಳಬೇಕಾಗಿತ್ತು. ಪೊಲೀಸರ ಮೇಲಂತೂ ನಂಬಿಕೆ ಅಷ್ಟಕ್ಕಷ್ಟೆ. 1973ರಲ್ಲಿ ಪೀಟರ್ ಗಾಡ್ಬರ್ ಅನ್ನುವ ಹಿರಿಯ ಪೊಲೀಸ್ ಅಧಿಕಾರಿ ಲಂಚದ ತನಿಖೆ ನಡೆಯುತ್ತಿರುವಾಗಲೇ ಇಂಗ್ಲೆಂಡಿಗೆ ಪರಾರಿಯಾದ. ಜನ ಬೀದಿಗಿಳಿದರು. ಮರುವರ್ಷ ಭ್ರಷ್ಟಾಚಾರ ತಡೆಗೆ ಐಸಿಎಸಿ ಅನ್ನುವ ಪ್ರತ್ಯೇಕ ಸಂಸ್ಥೆ ಹುಟ್ಟಿತು. 1977ರಲ್ಲಿ ಸಿಟ್ಟಾದ ಪೊಲೀಸರೇ ಹೋಗಿ ಐಸಿಎಸಿ ಕಚೇರಿಗೆ ನುಗ್ಗಿದರು. ಕೊನೆಗೆ ಗವರ್ನರ್ ಹಳೆಯ ಲಂಚದ ಪ್ರಕರಣಗಳಲ್ಲಿ ಹೆಚ್ಚಿನವಕ್ಕೆ ಕ್ಷಮೆ ಕೊಡಬೇಕಾಯಿತು. ಆನ್ ಹುಯಿ ಆ ಹೊತ್ತಿಗೆ ಟೀವಿಯಲ್ಲಿದ್ದರು. ಐಸಿಎಸಿ ಪ್ರಕರಣಗಳ ಮೇಲೆ ಅವರು ಮಾಡಿದ ಸಂಚಿಕೆಗಳಲ್ಲಿ ಎರಡು ಆಗ ಪ್ರಸಾರವಾಗಲೇ ಇಲ್ಲ. ಎರಡು ವರ್ಷ ಕಳೆದು ಅವರೇ ಕೊಲೆಯ ಸಿನಿಮಾ ಮಾಡಿದಾಗ, ಗುಟ್ಟು ಬಿಡಿಸುವ ಕೆಲಸವನ್ನು ಪೊಲೀಸರಿಗೆ ಕೊಡಲಿಲ್ಲ. ಕೊಟ್ಟಿದ್ದರೆ ಟಿಕೆಟ್ ಕೊಂಡು ಬಂದವರು ನಗುತ್ತಿದ್ದರೇನೋ.

ಪಕ್ಕದ ಮನೆಯವರಿಗೆ ಗುಟ್ಟು ಗೊತ್ತಾಗುವುದಕ್ಕೆ ಇನ್ನೊಂದು ಕಾರಣ ಮನೆಗಳೇ. ಎರಡನೇ ಮಹಾಯುದ್ಧ ಮುಗಿದಾಗ ಹಾಂಗ್‌ಕಾಂಗ್‌ನಲ್ಲಿ ಉಳಿದಿದ್ದ ಜನ ಸುಮಾರು 6 ಲಕ್ಷ. 1950ರ ದಶಕದ ಶುರುವಿನಲ್ಲಿ 20 ಲಕ್ಷ ದಾಟಿದ್ದರು. ಚೀನಾದಿಂದ ಜನ ಬರುತ್ತಲೇ ಇದ್ದರು, ಮನೆ ಎಲ್ಲಿಂದ ಬರಬೇಕು? ಹಳೆಯ ಕಟ್ಟಡದ ಒಂದು ಮಹಡಿಯನ್ನು ಒಬ್ಬಳು ಬಾಡಿಗೆಗೆ ಹಿಡಿಯುತ್ತಾಳೆ. ಮರದ ಹಲಗೆ ಹೊಡೆದು ಐದಾರು ಗೂಡು ಮಾಡಿ ಒಳಬಾಡಿಗೆಗೆ ಕೊಡುತ್ತಾಳೆ. ಹಲಗೆ ಸೂರಿನ ತನಕ ಹೋಗುವುದಿಲ್ಲ, ಗಾಳಿ ಆಡಬೇಕಲ್ಲ. ಹಾಗಾಗಿ ಒಂದು ಗೂಡಿನಲ್ಲಿ ಗಂಡ ಹೆಂಡತಿ ಪಿಸುಗುಟ್ಟಿದರೆ ಮೂರನೇ ಗೂಡಿನ ಮುದುಕಿಗೆ ಕೇಳಿಸುತ್ತದೆ. ಅಡುಗೆಮನೆ ಒಂದೇ, ಕಕ್ಕಸು ಒಂದೇ. ಅದಕ್ಕೂ ಗತಿಯಿಲ್ಲದವರಿಗೆ ನಡುಹಾದಿಯಲ್ಲಿ ಒಂದರ ಮೇಲೊಂದು ಮಂಚ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರ ಬಟ್ಟೆಗೆ ಕಲೆ ಆಗಿದೆ, ಯಾವ ಹುಡುಗಿಗೆ ಬೆಳಿಗ್ಗೆ ವಾಕರಿಕೆ, ಎಲ್ಲವೂ ಅಡುಗೆಮನೆಯ ಸುದ್ದಿ. ಇಂಥ ಕಡೆ ಸುಳಿವು ಹುಡುಕಲು ಭೂತಗನ್ನಡಿ ಯಾಕೆ?

ಈ ಗೂಡುಮನೆಗಳ ಬದುಕನ್ನೇ ತೆರೆಗೆ ತಂದದ್ದು ಹಳೆಯ ಕ್ಯಾಂಟನೀಸ್ ಸಿನಿಮಾ. ಆಗ ಏಳೆಂಟು ದಿನದಲ್ಲಿ ಸಿನಿಮಾ ಸುತ್ತಿ ಬಿಡುಗಡೆ ಮಾಡುವ ಚಾಳಿ ಜೋರಾಗಿತ್ತು. ಅದರಿಂದ ಬೇಸತ್ತ ಕಲಾವಿದರು, ತಂತ್ರಜ್ಞರು ಸೇರಿ 1952ರಲ್ಲಿ ಯೂನಿಯನ್ ಅನ್ನುವ ಸ್ವಂತ ಸಂಸ್ಥೆ ಕಟ್ಟಿಕೊಂಡರು. ಅವರ ಮೊದಲ ಚಿತ್ರವೇ ಚೀನೀ ಲೇಖಕ ಬಾ ಜಿನ್ ಕಾದಂಬರಿ ಆಧರಿಸಿದ 'ಫ್ಯಾಮಿಲಿ'. ಆ ಕಾಲದ ಇಂಥ ಸಂಸಾರದ ಚಿತ್ರಗಳು ಪತ್ತೇದಾರಿ ಚಿತ್ರಗಳಲ್ಲ, ಆದರೂ ಒಳಗೆ ಓಡುತ್ತಿರುವುದು ರಹಸ್ಯವೇ. ಅದೇ ದಶಕದಲ್ಲಿ, 1957ರಲ್ಲಿ ಬಂದ 'ಥಂಡರ್‌ಸ್ಟಾರ್ಮ್' ನೋಡಿ. ಚೀನೀ ನಾಟಕಕಾರ ತ್ಸಾವ್ ಯುವಿನ ಪ್ರಸಿದ್ಧ ನಾಟಕದ ಕ್ಯಾಂಟನೀಸ್ ರೂಪ ಅದು. ಹದಿಹರೆಯದ ಬ್ರೂಸ್ ಲೀ ಅದರಲ್ಲಿ ಶ್ರೀಮಂತ ಮನೆಯ ಕಿರಿಯ ಮಗ. ಹೊಡೆದಾಟ ಇಲ್ಲದ ಬ್ರೂಸ್ ಲೀಯನ್ನು ನೋಡುವುದೇ ಒಂದು ಮಜಾ. ಕತೆಯಲ್ಲಿ ಗಣಿ ಮಾಲೀಕನೊಬ್ಬ ಮೂವತ್ತು ವರ್ಷದ ಹಿಂದೆ ಕೈಬಿಟ್ಟ ಹೆಂಗಸು, ತನ್ನ ಮಗಳು ಮನೆಗೆಲಸಕ್ಕಿರುವ ಮನೆ ಅವನದೇ ಅಂತ ಗೊತ್ತಿಲ್ಲದೆ ಅಲ್ಲಿಗೆ ಬರುತ್ತಾಳೆ. ಆ ಮಗಳಿಗೂ ಮನೆಯ ಹಿರಿಯ ಮಗನಿಗೂ ಪ್ರೀತಿ. ಅವನು ಈ ಹೆಂಗಸು ಹೆತ್ತ ಮಗನೇ. ಒಂದು ಹಗಲು ರಾತ್ರಿಯೊಳಗೆ ಎಲ್ಲವೂ ಬಯಲಾಗಿ ಮೂರು ಹೆಣ ಬೀಳುತ್ತವೆ. ಪತ್ತೇದಾರ ಒಬ್ಬನಿಲ್ಲ ಅನ್ನುವುದು ಬಿಟ್ಟರೆ ರಚನೆ ಪೂರ್ತಿ ಪತ್ತೇದಾರಿ ಕತೆಯದೇ.

ಇಲ್ಲಿ ಕಾನೂನಿನ ಒಂದು ಸಂಗತಿ ತಿಳಿದಿದ್ದರೆ ಈ ಚಿತ್ರಗಳ ಕೊಲೆಯ ಉದ್ದೇಶ ಸಲೀಸಾಗಿ ಅರ್ಥವಾಗುತ್ತದೆ. ಹಾಂಗ್‌ಕಾಂಗ್‌ನಲ್ಲಿ ಬ್ರಿಟಿಷರು ಕುಟುಂಬದ ವಿಷಯದಲ್ಲಿ ಹಳೆಯ ಚೀನೀ ಪದ್ಧತಿಯನ್ನೇ ಮುಂದುವರಿಸಿದ್ದರು. ಹೆಂಡತಿ ಇದ್ದೂ ಉಪಪತ್ನಿಯರನ್ನು ಇಟ್ಟುಕೊಳ್ಳುವುದು ಅಲ್ಲಿ ಕಾನೂನುಬದ್ಧ. ಅದು ನಿಂತದ್ದು 1971ರ ಅಕ್ಟೋಬರ್‌ನಲ್ಲಿ! ಚೀನಾದಲ್ಲೇ 1950ರ ವಿವಾಹ ಕಾನೂನು ಅದನ್ನು ತೆಗೆದುಹಾಕಿತ್ತು. ಅಂದಮೇಲೆ ಹಾಂಗ್‌ಕಾಂಗ್‌ನ ಒಂದು ಉಳ್ಳವರ ಮನೆಯಲ್ಲಿ ಯಜಮಾನ ಸತ್ತರೆ ದೊಡ್ಡ ಹೆಂಡತಿ, ಚಿಕ್ಕವಳು, ಇಬ್ಬರ ಮಕ್ಕಳು, ಹೊರಗೆಲ್ಲೋ ಹುಟ್ಟಿದ ಇನ್ನೊಬ್ಬ ಮಗ, ಎಲ್ಲರೂ ಒಂದೇ ಹಜಾರದಲ್ಲಿ ಸೇರುತ್ತಾರೆ. ಅನುಮಾನಿತರ ಪಟ್ಟಿ ತಾನಾಗಿಯೇ ತಯಾರು. ಲೇಖಕ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಜೊತೆಗೆ ಒಬ್ಬ ಸಾಕ್ಷಿ ಖಾಯಂ: ಮನೆಗೆಲಸದ ಹಿರಿಯ ಹೆಂಗಸು. ದಕ್ಷಿಣ ಚೀನಾದ ಷುಂಡೆ ಕಡೆಯಿಂದ ಬಂದು, ಮದುವೆಯಾಗುವುದಿಲ್ಲ ಅಂತ ಪ್ರತಿಜ್ಞೆ ಮಾಡಿ, ಬಿಳಿ ಮೇಲಂಗಿ ಕಪ್ಪು ಪಾಯಿಜಾಮ ತೊಟ್ಟು, ಉದ್ದ ಜಡೆ ಹಾಕಿಕೊಂಡು ಒಂದೇ ಮನೆಯಲ್ಲಿ ಆಯುಷ್ಯ ಸವೆಸುತ್ತಿದ್ದ ಹೆಂಗಸರು ಇವರು. ಯಾವ ಮಗು ಯಾರದ್ದು ಅನ್ನುವುದು ಇವರಿಗೆ ಗೊತ್ತಿರುತ್ತಿತ್ತು. ಇಂಥವರೇ ವರ್ಷಗಟ್ಟಲೆ ಬಾಯಿ ಬಿಗಿಹಿಡಿದಿದ್ದು ಕೊನೆಯ ರೀಲಿನಲ್ಲಿ ಬಿಡುತ್ತಾರೆ.

ನೇರ ಪತ್ತೇದಾರಿ ಚಿತ್ರಗಳೂ ಬಂದವು. 1955ರಲ್ಲಿ ಶುರುವಾದ ಕಾಂಗ್ ಎನ್‌ಗೀ ಸಂಸ್ಥೆಗೆ ಸಿಂಗಪುರದ ಹಣ, ಸಿಂಗಪುರ ಮತ್ತು ಮಲಯದ ಚಿತ್ರಮಂದಿರಗಳು ಬೆನ್ನಿಗಿದ್ದವು. ಹಾಂಗ್‌ಕಾಂಗ್‌ನ ತುರ್ತು ದೂರವಾಣಿ ಸಂಖ್ಯೆ 999. ಅದನ್ನೇ ಹೆಸರಿನಲ್ಲಿಟ್ಟು ಕೊಲೆ ಕತೆಗಳನ್ನು ತೆಗೆದರು. ಸೂಟು ತೊಟ್ಟ ಪ್ಯಾಟ್ರಿಕ್ ತ್ಸೆಯಂಥ ನಾಯಕರ ಕಾಲ ಅದು. ಅದೇ ಸಂಸ್ಥೆಯಲ್ಲಿ ಪಳಗಿದ ಚೋರ್ ಯುವೆನ್ 1965ರಲ್ಲಿ 'ಬ್ಲ್ಯಾಕ್ ರೋಸ್' ಮಾಡಿದರು. ರಾತ್ರಿ ಮುಖವಾಡ ಹಾಕಿ ಶ್ರೀಮಂತರ ಮನೆ ದೋಚಿ ಬಡವರಿಗೆ ಹಂಚುವ ಅಕ್ಕತಂಗಿಯರ ಕತೆ. ಇಲ್ಲೂ ಸಂಬಂಧ ಬಿಡಲಿಲ್ಲ ನೋಡಿ, ಕಳ್ಳಿಯರು ಕೂಡ ಒಂದೇ ಮನೆಯವರು.

ಆಮೇಲೆ ಚೀನಾದ ಇನ್ನೊಂದು ಭಾಷೆಯಾದ ಮ್ಯಾಂಡರಿನ್‌ನ ಸಿನಿಮಾಗಳ ಅಬ್ಬರದಲ್ಲಿ ಕ್ಯಾಂಟನೀಸ್ ಸಿನಿಮಾ ನೆಲಕಚ್ಚಿತು. 1972ರಲ್ಲಿ ಒಂದೂ ಬರಲಿಲ್ಲ. ಮರುವರ್ಷ ಅದೇ ಚೋರ್ ಯುವೆನ್ ತೆಗೆದ 'ದಿ ಹೌಸ್ ಆಫ್ 72 ಟೆನೆಂಟ್ಸ್' ಗಲ್ಲಾಪೆಟ್ಟಿಗೆ ಒಡೆದು ಭಾಷೆಯನ್ನು ವಾಪಸ್ ತಂದಿತು. ಅದು ಕೂಡ ಒಳಬಾಡಿಗೆಯ ಮನೆ, ಅದರ ಬಜಾರಿ ಯಜಮಾನಿ, ಲಂಚಕೋರ ಪೊಲೀಸರ ಕತೆ. ಆನ್ ಹುಯಿ ಮೊದಲ ಚಿತ್ರಕ್ಕೆ ಕೈ ಹಾಕಿದಾಗ ಕ್ಯಾಂಟನೀಸ್ ಮತ್ತೆ ನಡೆಯುವ ನಾಣ್ಯ. ಹೊರದೇಶಗಳಲ್ಲಿ ಸಿನಿಮಾ ಕಲಿತು, ಟೀವಿಯಲ್ಲಿ ಕೈ ಪಳಗಿಸಿಕೊಂಡು ಬಂದ ಹೊಸ ಹುಡುಗ ಹುಡುಗಿಯರ ಒಂದು ಅಲೆಯೇ ಆಗ ಎದ್ದಿತ್ತು. ಅದೇ 1979ರಲ್ಲಿ ತ್ಸುಯಿ ಹಾರ್ಕ್ ಕೂಡ 'ದಿ ಬಟರ್‌ಫ್ಲೈ ಮರ್ಡರ್ಸ್' ಅನ್ನುವ ರಹಸ್ಯ ಚಿತ್ರದಿಂದಲೇ ಕಾಲಿಟ್ಟರು. ಅದರಲ್ಲಿ ಕೋಟೆ, ಕತ್ತಿ, ಕೊಲ್ಲುವ ಚಿಟ್ಟೆಗಳಿವೆ. ಆನ್ ಹುಯಿ ಹೋಗಿದ್ದು ಪಶ್ಚಿಮ ಬಡಾವಣೆಯ ಹಳೆಯ ಮನೆಗಳಿಗೆ, ಕಲ್ಲಿನ ಗೋಡೆ ಸೀಳಿಕೊಂಡು ಆಲದ ಬೇರು ಇಳಿದಿರುವ ಮೆಟ್ಟಿಲು ಬೀದಿಗಳಿಗೆ. ನನಗೆ ಎರಡನೆಯದೇ ಜಾಸ್ತಿ ಭಯ ಹುಟ್ಟಿಸುತ್ತದೆ.

ನಟನೆಯ ಬಗ್ಗೆ ಎರಡು ಮಾತು. ನೆರೆಮನೆಯ ಹುಡುಗಿಯಾಗಿ ಸಿಲ್ವಿಯಾ ಚಾಂಗ್. ಲೀ ಯುನ್ ಆಗಿ ಆಂಜಿ ಚಿಯು. ಮರುವರ್ಷ 'ದಿ ಬಂಡ್' ಧಾರಾವಾಹಿಯಲ್ಲಿ ಚೌ ಯುನ್-ಫ್ಯಾಟ್ ಜೋಡಿಯಾಗಿ ಮನೆಮಾತಾದ ಮುಖ ಇದೇ. ಆ ಮುಗ್ಧ ಚೆಲುವನ್ನು ನಿರ್ದೇಶಕಿ ಸಾಕ್ಷಿಯ ಥರ ಬಳಸಿದ್ದಾರೆ: ಇಂಥವಳು ಕೊಲ್ಲುತ್ತಾಳಾ ಅಂತ ನಮ್ಮ ಬಾಯಲ್ಲೇ ಹೇಳಿಸುತ್ತಾರೆ. ಸಿನಿಮಾದಲ್ಲಿ ಕೊರತೆಯೂ ಇದೆ. ದೆವ್ವದ ಕೆಲವು ದೃಶ್ಯಗಳಲ್ಲಿ ಸುಮ್ನೆ ಬೆಚ್ಚಿಬೀಳಿಸುವ ಆಸೆ ಎದ್ದು ಕಾಣುತ್ತದೆ. ಬುದ್ಧಿಮಾಂದ್ಯ ಯುವಕನನ್ನು ತೋರಿಸಿದ ರೀತಿಗೆ ಇವತ್ತು ಮುಖ ಕಿವುಚಬೇಕಾಗುತ್ತದೆ.

ಮನೆಯ ಗುಟ್ಟನ್ನು ಪತ್ತೇದಾರಿಯಂತೆ ಬಿಡಿಸುವ ಈ ಅಭ್ಯಾಸ ಆನ್ ಹುಯಿ ಅವರಿಗೆ ಎಲ್ಲಿಂದ ಬಂತು ಅನ್ನುವುದಕ್ಕೆ ಅವರ ಬದುಕಿನಲ್ಲೇ ಒಂದು ಸುಳಿವಿದೆ. ಹದಿಹರೆಯಕ್ಕೆ ಬರುವ ತನಕ ತನ್ನ ತಾಯಿ ಜಪಾನಿ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. 1947ರಲ್ಲಿ, ಜಪಾನಿನ ಯುದ್ಧ ಮುಗಿದ ಎರಡೇ ವರ್ಷಕ್ಕೆ, ಈಶಾನ್ಯ ಚೀನಾದಲ್ಲಿ ಹುಟ್ಟಿದ ಮಗುವಿಗೆ ಇದನ್ನು ಯಾರು ಹೇಳುತ್ತಾರೆ? 1990ರ 'ಸಾಂಗ್ ಆಫ್ ದಿ ಎಕ್ಸೈಲ್' ಚಿತ್ರದಲ್ಲಿ ಇದನ್ನೇ ಕತೆ ಮಾಡಿದರು. ಮ್ಯಾಗಿ ಚೆಯುಂಗ್ ಆಡಿದ ಮಗಳು, ತಾಯಿ ಯಾಕೆ ಹೀಗೆ ಅಂತ ತಿಳಿಯದೆ ಸಿಡುಕುತ್ತಿದ್ದವಳು, ತಾಯಿಯ ಜೊತೆ ಜಪಾನಿಗೆ ಹೋಗುತ್ತಾಳೆ. ಅಲ್ಲಿ ಭಾಷೆ ಬಾರದೆ, ದಾರಿ ತಿಳಿಯದೆ ಪೇಚಾಡುವ ಸರದಿ ಮಗಳದ್ದು. ಹನ್ನೊಂದು ವರ್ಷದ ಹಿಂದೆ 'ದಿ ಸೀಕ್ರೆಟ್‌'ನಲ್ಲಿ ಮಾಡಿದ ಹಾಗೆ ಇಲ್ಲೂ ಹಿಂದಿನದ್ದು ತುಣುಕು ತುಣುಕಾಗಿ ಬಂದು ಬೀಳುತ್ತದೆ, ಚಿಕ್ಕಂದಿನಲ್ಲಿ ನೋಡಿದ್ದಕ್ಕೆ ಈಗ ಬೇರೆ ಅರ್ಥ ಹೊಳೆಯುತ್ತದೆ. ಈ ಸಲ ಕೊಲೆ ಇಲ್ಲ, ಹೆಣ ಇಲ್ಲ. ಎರಡನ್ನೂ ನೋಡುವ ಮನಸ್ಸಿದ್ದರೆ 1990ರದ್ದನ್ನು ಮೊದಲು ನೋಡಿ. ಅವರು ಕಾಲವನ್ನು ಹಿಂದೆ ಮುಂದೆ ಮಾಡುವ ರೀತಿ ಅಭ್ಯಾಸವಾದ ಮೇಲೆ 'ದಿ ಸೀಕ್ರೆಟ್‌'ನ ಗೋಜಲು ಅಷ್ಟು ಕಾಡುವುದಿಲ್ಲ.